ಚುಕ್ಕಿಯ ಆಚೆ ಅರವತ್ತು

ನನ್ನ ಕೈಬರಹದಲ್ಲಿ ನನ್ನ ಹೆಂಡತಿ ಓಬಮ್ಮನಿಗೆ ಹಿಡಿಸದ ಸಂಗತಿಗಳು ಹಲವಾರು. ಆ ಪಟ್ಟಿಗೆ ಇತ್ತೀಚೆಗೆ ಸೇರಿದ್ದು ಚುಕ್ಕಿ. ಮೊನ್ನೆ ಸಿಲಿಂಡರಿನವನು ಹತ್ತೂವರೆಗೆ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದ. ಮರೆತುಹೋದೀತೆಂದು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ‘ಗ್ಯಾಸ್ 10.30’ ಎಂದು ಬರೆದೆ. ಓಬಮ್ಮ ಒಗ್ಗರಣೆ ಬಿಟ್ಟು ಬಂದು ಅದನ್ನು ನೋಡಿದಳು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು, ನಾನಿಟ್ಟ ಚುಕ್ಕಿಯ ತಲೆಯ ಮೇಲೆ ಇನ್ನೊಂದು ಚುಕ್ಕಿ ಇಟ್ಟು ಒಲೆಯ ಹತ್ತಿರ ಹೋದಳು. ಮೂವತ್ತು ವರ್ಷಕ್ಕೂ ಮೀರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನ ಉತ್ತರಪತ್ರಿಕೆಯನ್ನು ಮನೆಯಲ್ಲಿ ಹೀಗೆ ತಿದ್ದಲಾಗುತ್ತದೆ.

ನೀವೇ ಹೇಳಿ, ಇದು ನನ್ನೊಬ್ಬನ ಚಾಳಿಯೇ? ಚಳ್ಳಕೆರೆಯ ಖಾಸಗಿ ಬಸ್‌ಸ್ಟ್ಯಾಂಡಿಗೆ ಹೋಗಿ ಬೋರ್ಡು ನೋಡಿ. 9.45, 10.30, 11.15, ಎಲ್ಲ ಚುಕ್ಕಿಯೇ. ಮದುವೆ ಕಾರ್ಡು ತೆಗೆದು ನೋಡಿ, ಮುಹೂರ್ತಕ್ಕೂ ಚುಕ್ಕಿ. ಈ ಚುಕ್ಕಿಯ ಆಚೆಗಿರುವುದು ಅರವತ್ತರ ಲೆಕ್ಕ ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಹಾಲು ಕುಡಿಯುವಾಗಲೇ ಬಂದುಬಿಟ್ಟಿದೆ. ಅದೇ ಬಸ್‌ಸ್ಟ್ಯಾಂಡಿನಿಂದ ಎದ್ದು ಮಾರ್ಕೆಟ್ ಯಾರ್ಡಿಗೆ ನಡೆದರೆ ಅಲ್ಲಿ ಶೇಂಗಾ ತೂಗುವವರು ಅದೇ 10.30 ಬರೆದಿರುತ್ತಾರೆ. ಅಲ್ಲಿ ಅದು ಹತ್ತು ಕ್ವಿಂಟಾಲಿನ ಮೇಲೆ ಮೂವತ್ತು ಕೇಜಿ, ಅಂದರೆ ನೂರರ ಲೆಕ್ಕ. ನಮ್ಮ ಜನ ಎರಡನ್ನೂ ಒಂದೇ ತಲೆಯಲ್ಲಿಟ್ಟುಕೊಂಡು ಬಸ್ಸನ್ನೂ ತಪ್ಪಿಸಿಕೊಳ್ಳದೆ, ತೂಕದಲ್ಲೂ ಮೋಸ ಹೋಗದೆ ಬದುಕುತ್ತಾರೆ. ಇದರಲ್ಲಿ ಎಡವಟ್ಟಾಗಬಹುದು ಎಂದು ನನಗಂತೂ ಹೊಳೆದಿರಲಿಲ್ಲ.

ತರಗತಿಯಲ್ಲಿ ಕೋನಗಳ ಪಾಠ ಬಂದಾಗ ನನಗೆ ಉತ್ಸಾಹ. ಒಂದು ಅಂಶಕ್ಕೆ ಅರವತ್ತು ನಿಮಿಷ, ಒಂದು ನಿಮಿಷಕ್ಕೆ ಅರವತ್ತು ಸೆಕೆಂಡು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಅಂಶದಿಂದ ನಿಮಿಷಕ್ಕೆ ಇಳಿಯಲು ಅರವತ್ತರಿಂದ ಗುಣಿಸಿ, ಮೇಲೆ ಹತ್ತಲು ಭಾಗಿಸಿ. ಇಷ್ಟೇ ಪಾಠ. ಆದರೆ ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬ ಏಳುತ್ತಿದ್ದ.

“ಸಾರ್, ಮೂಲೆ ಅಳಿಯಾಕೆ ಗಡಿಯಾರ ಯಾಕೆ ಸಾರ್?”

ಗಡಿಯಾರಕ್ಕೂ ಮೂಲೆಗೂ ಲೆಕ್ಕ ಹಾಕಿಕೊಟ್ಟ ಪುರಾತನರು ಒಬ್ಬರೇ ಕಣಪ್ಪ, ಅರವತ್ತನ್ನು ಎರಡರಿಂದ, ಮೂರರಿಂದ, ನಾಲ್ಕರಿಂದ, ಐದರಿಂದ, ಆರರಿಂದ, ಯಾವುದರಿಂದ ಬೇಕಾದರೂ ಶೇಷವಿಲ್ಲದೆ ಹಂಚಬಹುದು, ಅದಕ್ಕೇ ಅವರಿಗೆ ಅದರ ಮೇಲೆ ಪ್ರೀತಿ ಎಂದು ನಾನು ಹೇಳುತ್ತಿದ್ದೆ. “ಅಂಗಾದ್ರೆ ಪರೀಕ್ಷೆನೂ ಅರವತ್ತು ಮಾರ್ಕಿಗೇ ಇಡ್ರಿ ಸಾರ್, ನಮ್ಗೂ ಹಂಚ್ಕಳಾಕೆ ಸಲೀಸು” ಎಂದು ಒಬ್ಬ ಹೇಳಿದ್ದ. ಅವನು ಈಗ ಎಣ್ಣೆ ಮಿಲ್ಲಿನ ಮೇಸ್ತ್ರಿ. ಕಂಡಾಗಲೆಲ್ಲ ನನಗೆ ಟೀ ಕುಡಿಸುತ್ತಾನೆ.

ಈ ಸಣ್ಣ ಅಳತೆಗಳ ಗೀಳು ನನಗೆ ಹತ್ತಿದ್ದು ಅವರ ವಯಸ್ಸಿನಲ್ಲೇ. ನಮ್ಮ ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮನೆಯ ಗೋಡೆ, ಹಾಸಿಗೆ, ನನ್ನ ಪುಸ್ತಕಗಳು ಎಲ್ಲಕ್ಕೂ ಶೇಂಗಾ ಹಿಂಡಿಯ ವಾಸನೆ. ಏಳನೆಯ ಕ್ಲಾಸಿಗೆ ಹೊಸ ಕಂಪಾಸ್ ಬಾಕ್ಸ್ ಬಂತು. ಅದರೊಳಗಿನ ಕೋನಮಾಪಕವನ್ನು ಕಣ್ಣಿಗೆ ಹಿಡಿದು ಓಣಿಯನ್ನೆಲ್ಲ ನೋಡಿದ್ದಾಯಿತು. ಮೇಷ್ಟರು ನಿಮಿಷ, ಸೆಕೆಂಡು ಎಂದಾಗ ನನಗೆ ಒಂದು ಹಟ ಬಂತು: ಒಂದೇ ಒಂದು ನಿಮಿಷದ ಕೋನ ಬರೆದು ಅವರಿಗೆ ತೋರಿಸಬೇಕು. ಅಪ್ಪನ ಗಡ್ಡದ ಬ್ಲೇಡಿನಿಂದ ಪೆನ್ಸಿಲ್ ಹೆರೆದೆ. ಸೂಜಿಯಂತಾಗುವವರೆಗೂ ಹೆರೆದೆ. ಗೆರೆ ಎಳೆದೆ, ಅದರ ಪಕ್ಕ ಇನ್ನೊಂದು ಗೆರೆ ಎಳೆದೆ, ಎರಡೂ ಒಂದರ ಮೇಲೊಂದು ಕೂತವು. ಎಷ್ಟು ಸಲ ಮಾಡಿದರೂ ಅಷ್ಟೇ. ಬಹಳ ವರ್ಷಗಳ ಮೇಲೆ ಲೆಕ್ಕ ಹಾಕಿದಾಗ ತಿಳಿಯಿತು, ಆ ಪುಟ್ಟ ಕೋನಮಾಪಕದ ಅಂಚಿನಲ್ಲಿ ನನ್ನ ಪೆನ್ಸಿಲ್ ಗೆರೆಯ ದಪ್ಪವೇ ಅರ್ಧ ಅಂಶ. ನಾನು ಹುಡುಕುತ್ತಿದ್ದಂಥ ನಿಮಿಷಗಳು ಮೂವತ್ತು ಆ ಗೆರೆಯ ಕೆಳಗೇ ಮಲಗಿದ್ದವು.

“ಪೆನ್ಸಿಲ್ ಏನು ತಿಂತೀಯೇನೋ? ಮೊನ್ನೆ ತಂದಿದ್ದು ಮೋಟಾಗಿ ಕುಂತೈತೆ” ಎಂದು ಅವ್ವ ಹೆರೆದ ಚೂರುಗಳನ್ನು ಗುಡಿಸಿ ಒಲೆಗೆ ಹಾಕಿದಳು.

ಕಾಗದದ ಮೇಲೆ ಕಾಣದ್ದು ನೆಲದ ಮೇಲೆ ಕಾಣುತ್ತದೆ ಎನ್ನುವುದು ಈ ಅಳತೆಗಳ ತಮಾಷೆ. ಭೂಮಿ ದೊಡ್ಡ ಕೋನಮಾಪಕ. ಉತ್ತರ ದಿಕ್ಕಿಗೆ ಒಂದು ಅಂಶ ಸರಿದರೆ ನೂರಾ ಹನ್ನೊಂದು ಕಿಲೋಮೀಟರು, ಬಸ್ಸಿನಲ್ಲಿ ಅರ್ಧ ದಿನ. ಒಂದು ನಿಮಿಷ ಸರಿದರೆ ಎರಡು ಕಿಲೋಮೀಟರಿಗೆ ತುಸು ಕಡಿಮೆ, ಆಟೋದವನು ಮುಖ ಸಿಂಡರಿಸಿಕೊಂಡು ಬರುವಷ್ಟು ದೂರ. ಒಂದು ಸೆಕೆಂಡು ಸರಿದರೆ ಮೂವತ್ತು ಮೀಟರು, ಇಲ್ಲಿಂದ ಕರೆದರೆ ಎದುರುಮನೆಯವರ ಆಚೆಮನೆಯವರಿಗೆ ಕೇಳಿಸುವಷ್ಟು. ಇದನ್ನು ತಿಳಿದುಕೊಂಡ ಮೇಲೆ ನನಗೆ ಊರೂರುಗಳ ಅಂಶ ನಿಮಿಷಗಳನ್ನು ನೋಡುವ ಹುಚ್ಚು ಹಿಡಿಯಿತು. ಮದುವೆಯಾದ ಹೊಸದರಲ್ಲಿ ಓಬಮ್ಮನನ್ನು ಮೆಚ್ಚಿಸಲು ನನ್ನ ಬಳಿ ಬೇರೆ ಬಂಡವಾಳ ಇರಲಿಲ್ಲ. ಅವಳ ತವರು ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿ. ಒಂದು ಬೆಳಿಗ್ಗೆ ಹೇಳಿದೆ, “ನೋಡು, ಮೊಳಕಾಲ್ಮೂರು ಚಳ್ಳಕೆರೆಗಿಂತ ಸುಮಾರು ಆರು ನಿಮಿಷ ಪೂರ್ವಕ್ಕೆ ಐತೆ. ಒಂದು ನಿಮಿಷದ ಕೋನ ತಿರುಗಾಕೆ ಭೂಮಿಗೆ ನಾಲ್ಕು ಸೆಕೆಂಡು ಬೇಕು. ಅಂದ್ರೆ ಅಲ್ಲಿ ಸೂರ್ಯ ನಮಗಿಂತ ಇಪ್ಪತ್ನಾಕು ಸೆಕೆಂಡು ಮೊದ್ಲು ಹುಟ್ತಾನೆ.”

ಅವಳು ಕಸ ಗುಡಿಸುವುದನ್ನು ನಿಲ್ಲಿಸದೆ, “ಗೊತ್ತಿತ್ತು. ನಿಮ್ ಕಡೆ ಎಲ್ಲಾರೂ ತಡವಾಗಿ ಏಳ್ತಾರೆ ಅಂತ ನಮ್ಮವ್ವ ಮೊದ್ಲೇ ಹೇಳಿದ್ಳು” ಎಂದಳು.

ಈಗ ಅವಳ ತಮ್ಮ ಬೋರಯ್ಯನ ವಿಷಯಕ್ಕೆ ಬರಬೇಕು. ಬೋರಯ್ಯ ಕಿಲಾರಿ. ನಮ್ಮ ಕಡೆ ದೇವರಿಗೆ ಬಿಟ್ಟ ದನಗಳನ್ನು ಕಾಯುವವರಿಗೆ ಹಾಗೆನ್ನುತ್ತಾರೆ. ಆ ದನಗಳನ್ನು ಮಾರುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ. ಅವು ಮೇಯುತ್ತಾ ಹೋದಲ್ಲಿಗೆ ಕಿಲಾರಿಯೂ ಹೋಗಬೇಕು, ಬರಿಗಾಲಿನಲ್ಲಿ. ರಾತ್ರಿ ಅವನ್ನು ಕೂಡುವ ಮುಳ್ಳುಬೇಲಿಯ ದೊಡ್ಡಿಗೆ ರೊಪ್ಪ ಎನ್ನುತ್ತಾರೆ. ಹುಲ್ಲು ಮುಗಿದಾಗ ಬೇಲಿಯನ್ನು ಬಿಟ್ಟು ಮುಂದಕ್ಕೆ ಹೋಗಿ, ಅಲ್ಲಿ ಹೊಸ ಮುಳ್ಳು ಕಡಿದು ಹಾಕಿದರೆ ಅದೇ ರೊಪ್ಪ.

ಹೊರಗಿನವರಿಗೆ ಕಷ್ಟವಾಗುವುದು ಇಲ್ಲೇ. ರೊಪ್ಪಕ್ಕೊಂದು ಹೆಸರಿದೆ, ದೇವರ ದನಗಳದ್ದೆಂದು ಅದನ್ನು ದೊಡ್ಡರೊಪ್ಪ ಎನ್ನುತ್ತಾರೆ. ಆದರೆ ಹೆಸರು ನೆಲಕ್ಕೆ ಅಂಟಿಕೊಂಡಿಲ್ಲ, ದನಗಳ ಜೊತೆ ನಡೆಯುತ್ತದೆ. ಅವು ಸಿದ್ದಾಪುರದ ಬಂಡೆಗಳ ನಡುವೆ ಇದ್ದರೆ ದೊಡ್ಡರೊಪ್ಪ ಅಲ್ಲಿ. ತಿಂಗಳ ಮೇಲೆ ಇನ್ನೊಂದು ಗುಡ್ಡದ ಬುಡಕ್ಕೆ ಹೋದರೆ ದೊಡ್ಡರೊಪ್ಪ ಅಲ್ಲಿ, ಹಿಂದಿನ ಜಾಗಕ್ಕೆ ಹೆಸರೇ ಇಲ್ಲ. ಎಲ್ಲಿದ್ದೀಯಪ್ಪ ಎಂದು ಫೋನಿನಲ್ಲಿ ಕೇಳಿದರೆ ಬೋರಯ್ಯ, “ಎಲ್ಲಿರ್ತೀನಿ ಭಾವ, ದೊಡ್ಡರೊಪ್ಪದಾಗೆ” ಎನ್ನುತ್ತಾನೆ. ಅವನ ಪಾಲಿಗೆ ಅದು ಪೂರ್ತಿ ಉತ್ತರ. ಯಾರೋ ಪುಣ್ಯಾತ್ಮರು ಕಳೆದ ಬೇಸಿಗೆಯಲ್ಲಿ ಒಂದು ಟ್ರ್ಯಾಕ್ಟರು ಮೇವು ಕಳಿಸಿದ್ದರು. ಡ್ರೈವರು ಹಿಂದಿನ ವರ್ಷದ ದೊಡ್ಡರೊಪ್ಪಕ್ಕೆ ಹೋಗಿ, ಖಾಲಿ ಮುಳ್ಳುಬೇಲಿಯ ಮುಂದೆ ಹಾರ್ನ್ ಹೊಡೆಯುತ್ತಾ ಕೂತಿದ್ದ.

ಆಮೇಲೆ ನಾನೇ ಅವನ ಫೋನಿನಲ್ಲಿ ದಿಕ್ಸೂಚಿಯ ಪರದೆ ತೆಗೆದು ತೋರಿಸಿದೆ. ಕೆಳಗಡೆ ಅಂಶ, ನಿಮಿಷ, ಸೆಕೆಂಡು ಬರುತ್ತವೆ, ಮೊದಲನೆಯದು ಉತ್ತರಕ್ಕೆ ಎಷ್ಟು, ಎರಡನೆಯದು ಪೂರ್ವಕ್ಕೆ ಎಷ್ಟು, ಈ ಎರಡನ್ನು ಓದಿ ಹೇಳಿದರೆ ಪ್ರಪಂಚದ ಯಾವ ಮೂಲೆಯಿಂದ ಬೇಕಾದರೂ ನಿನ್ನನ್ನು ಹುಡುಕಬಹುದು ಎಂದೆ. ಬೋರಯ್ಯ ಅದಕ್ಕೆ ಜಾಗದ ನಂಬರ್ ಎಂದು ಹೆಸರಿಟ್ಟ. ಸಿಗ್ನಲ್ ಸಿಗುವುದು ಬಂಡೆಯ ನೆತ್ತಿಯಲ್ಲಿ ಮಾತ್ರ. ಅವನು ಹತ್ತಿ ಓದುತ್ತಿದ್ದ, ನಾನು ಮನೆಯಲ್ಲಿ ಕೂತು ಬರೆದುಕೊಂಡು ನಕ್ಷೆಯಲ್ಲಿ ಅವನ ಬಂಡೆಯನ್ನು ನೋಡಿ ಹಿಗ್ಗುತ್ತಿದ್ದೆ. ನಿವೃತ್ತಿಯಾದ ಮೇಲೆ ನನ್ನ ಪಾಠ ಕೇಳಲು ಸಿಕ್ಕ ಒಬ್ಬನೇ ವಿದ್ಯಾರ್ಥಿ ಅವನು.

ಮಳೆ ಇನ್ನೂ ಸರಿಯಾಗಿ ಹಿಡಿದಿರದ ಒಂದು ಬೆಳಿಗ್ಗೆ ಅವನ ಫೋನ್ ಬಂತು.

“ಭಾವ, ಕೆಂಚಿ ಈಯಾಕೆ ಹತ್ತೈತೆ. ಕರದ ಕಾಲು ಒಂದೇ ಈಚಿಗೆ ಬಂದೈತೆ, ಇನ್ನೊಂದು ಒಳಗೇ ಮಡಚ್ಕಂಡೈತೆ. ನಮ್ ಕೈಯಾಗೆ ಆಗ್ತಿಲ್ಲ. ಇಲ್ಲಿ ಡಾಕ್ಟ್ರು ಯಾವ್ದೋ ಕ್ಯಾಂಪಿಗೆ ಹೋಗೌರಂತೆ. ನಿಮ್ ಕಡೆಯಿಂದ ಯಾರ್ನಾದ್ರೂ ಕಳಿಸ್ರಿ.”

ಕೆಂಚಿ ಎನ್ನುವುದು ಆ ಮಂದೆಯ ಒಂದು ಹಸು. ಬೋರಯ್ಯ ಕಿಲಾರಿಯಾದ ವರ್ಷ ಹುಟ್ಟಿದ್ದು. ಅದರ ತಾಯಿ ಆಗಲೇ ಸತ್ತುಹೋಗಿ, ಕರುವನ್ನು ಅವನೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ. ನಡೆಯಲಾರದಿದ್ದಾಗ ಹೆಗಲ ಮೇಲೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದನಂತೆ. ಮದುವೆ ಮಾಡಿಕೊಳ್ಳೋ ಎಂದು ಓಬಮ್ಮ ಪೀಡಿಸಿದಾಗಲೆಲ್ಲ, “ಕೆಂಚಿ ಒಪ್ಪಲ್ಲ ಬಿಡಕ್ಕ” ಎನ್ನುತ್ತಿದ್ದ. ಫೋನಿನಲ್ಲಿ ಅವನ ದನಿ ಎಂದಿನಂತೆಯೇ ಇತ್ತು, ಆದರೆ ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದ. ನನಗೂ ಗಾಬರಿಯಾಯಿತು.

“ಜಾಗದ ನಂಬರ್ ಹೇಳು.”

“ಬರ್ಕಳ್ರಿ. ಹದಿನಾಕು, ನಲವತ್ತೇಳು, ಮೂವತ್ತು. ಎಪ್ಪತ್ತಾರು, ನಲವತ್ತಾರು, ಹನ್ನೆರಡು.”

ನಮ್ಮ ಬೀದಿಯಲ್ಲೇ ಬಾಡಿಗೆಗಿರುವ ಪಶುವೈದ್ಯರಿಗೆ ಫೋನ್ ಮಾಡಿದೆ. ಬೇರೆ ಜಿಲ್ಲೆಯವರು, ಬಂದು ತಿಂಗಳೂ ಆಗಿರಲಿಲ್ಲ. ಅವರು ಆಗಲೇ ಕಾರು ತೆಗೆದುಕೊಂಡು ಪಶ್ಚಿಮದ ಕಡೆಯ ಒಂದು ಹಳ್ಳಿಯಲ್ಲಿ ಎಮ್ಮೆಯೊಂದನ್ನು ನೋಡುತ್ತಿದ್ದರು. “ಇಲ್ಲಿಂದ್ಲೇ ನೇರ ಹೋಗ್ತೀನಿ ಸರ್, ಯಾವೂರು?” ಎಂದರು. ಇಲ್ಲಿ ನಾನು ಮೇಷ್ಟರಾಗಿಬಿಟ್ಟೆ. ಸಿದ್ದಾಪುರ ಎಂದು ಹುಡುಕಿದರೆ ನಕ್ಷೆ ಹತ್ತು ಸಿದ್ದಾಪುರ ತೋರಿಸುತ್ತದೆ, ಅದೂ ಅಲ್ಲದೆ ದನ ಇರುವುದು ಊರಲ್ಲಲ್ಲ, ಆಚೆಯ ಬಂಡೆಗಳ ನಡುವೆ. “ಊರು ಗೀರು ಬೇಡ ಡಾಕ್ಟ್ರೆ, ಪಕ್ಕಾ ನಂಬರ್ ಕಳಿಸ್ತೀನಿ. ಹಾಕ್ಕಂಡು ಹೋಗಿ, ಹಸುವಿನ ಮುಂದೇ ಇಳೀತೀರಿ” ಎಂದೆ. ಫೋನಿನ ಕೀಲಿಗಳಲ್ಲಿ ಅಂಶದ ಸೊನ್ನೆ, ನಿಮಿಷದ ಗೀಟು ಎಲ್ಲಿವೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಗಂಟೆ ನಿಮಿಷ ಬರೆಯುವ ಹಾಗೆ 14.47.30, 76.46.12 ಎಂದು ಬರೆದು ಕಳಿಸಿದೆ.

ನಾನೂ ಓಬಮ್ಮನೂ ಸಿಕ್ಕ ಬಸ್ಸು ಹತ್ತಿದೆವು. ಬಸ್ಸು ಚಳ್ಳಕೆರೆ ದಾಟಿ, ಕಿಟಕಿಯಲ್ಲಿ ಬರೀ ಕಲ್ಲು ಜಾಲಿ ಕಾಣಲು ಶುರುವಾಗಿ ಬಹಳ ಹೊತ್ತಾಗಿತ್ತು. ಡ್ರೈವರಿನ ತಲೆಯ ಮೇಲೆ ಹಾಡು ಅರಚುತ್ತಿತ್ತು. ಆಗ ವೈದ್ಯರ ಫೋನ್ ಬಂತು.

“ಸರ್, ನಿಮ್ಮ ನಂಬರ್ ತೋರಿಸಿದ ಜಾಗಕ್ಕೆ ಬಂದು ನಿಂತಿದ್ದೀನಿ. ಸುತ್ತ ಮೆಕ್ಕೆಜೋಳದ ಹೊಲ. ಬಂಡೆನೂ ಇಲ್ಲ, ದನಾನೂ ಇಲ್ಲ.”

“ಮೆಕ್ಕೆಜೋಳವೇ? ಯಾವ ಕಡೆ ಇದೀರಿ?”

“ಇಲ್ಲೊಬ್ಬರು ಜಗಳೂರು ರಸ್ತೆ ಅಂತಿದ್ದಾರೆ.”

ಏನು ಹಾಕಿದಿರಿ, ಓದಿ ಹೇಳಿ ಎಂದೆ. “ನೀವು ಕಳಿಸಿದ್ದನ್ನ ನಕ್ಷೆ ತಗೊಳ್ಳಲಿಲ್ಲ. ಚುಕ್ಕಿ ಎರಡೆರಡು ಇದ್ವು, ತಪ್ಪಿ ಬಿದ್ದಿರಬೇಕು ಅಂತ ಎರಡನೇದನ್ನ ಅಳಿಸಿದೆ. ಆಮೇಲೆ ತಗೊಂತು” ಎಂದರು. ಅಂದರೆ ಅವರ ಫೋನಿನಲ್ಲಿದ್ದದ್ದು 14.4730, 76.4612. ನಲವತ್ತೇಳು ನಿಮಿಷ ಮೂವತ್ತು ಸೆಕೆಂಡು ಎನ್ನುವುದು ಒಂದು ಅಂಶದ ಹತ್ತು ಸಾವಿರ ಭಾಗದಲ್ಲಿ ನಾಲ್ಕು ಸಾವಿರದ ಏಳುನೂರ ಮೂವತ್ತು ಭಾಗವಾಗಿ ಕೂತುಬಿಟ್ಟಿತ್ತು. ಬಸ್‌ಸ್ಟ್ಯಾಂಡಿನ ಚುಕ್ಕಿ ಮಾರ್ಕೆಟ್ ಯಾರ್ಡಿನ ಚುಕ್ಕಿಯಾಗಿತ್ತು. ಒಂದು ಚುಕ್ಕಿಯನ್ನು ಅವರು ಅಳಿಸಿದ್ದು ನಿಜ, ಆದರೆ ಎರಡನ್ನೂ ಇಟ್ಟವನು ನಾನು.

ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಲು ಕೂತೆ. ಬಸ್ಸು ಕುಲುಕುತ್ತಿತ್ತು. ಮೂವತ್ತು ಸೆಕೆಂಡು ಅಂದರೆ ಅರ್ಧ ನಿಮಿಷ, ನಲವತ್ತೇಳೂವರೆಯನ್ನು ಅರವತ್ತರಿಂದ ಭಾಗಿಸಿದರೆ ಸೊನ್ನೆ ಚುಕ್ಕಿ ಏಳು ಒಂಬತ್ತು ಒಂದು ಏಳು. ಹನ್ನೆರಡು ಸೆಕೆಂಡು ಅಂದರೆ ನಿಮಿಷದ ಐದನೇ ಒಂದು ಭಾಗ, ನಲವತ್ತಾರು ಚುಕ್ಕಿ ಎರಡನ್ನು ಅರವತ್ತರಿಂದ ಭಾಗಿಸಿದರೆ ಸೊನ್ನೆ ಚುಕ್ಕಿ ಏಳು ಏಳು. ಭಾಗಿಸುತ್ತಾ ಇರುವಾಗಲೇ ನನ್ನ ಹಾಳು ತಲೆಗೆ ಇನ್ನೊಂದು ಹೊಳೆಯಿತು. ಅರವತ್ತರ ಲೆಕ್ಕವನ್ನು ನೂರರದೆಂದು ಓದಿದರೆ ಸಂಖ್ಯೆ ಯಾವಾಗಲೂ ಕಡಿಮೆಯೇ ಆಗಬೇಕು. ಹಾಗಾಗಿ ನಮ್ಮ ದೇಶದ ಯಾವ ಊರಿನ ಮೇಲೆ ಈ ತಪ್ಪು ಮಾಡಿದರೂ ಅದು ದಕ್ಷಿಣಕ್ಕೆ, ಪಶ್ಚಿಮಕ್ಕೆ ಜಾರುತ್ತದೆಯೇ ಹೊರತು ಉತ್ತರಕ್ಕಾಗಲಿ ಪೂರ್ವಕ್ಕಾಗಲಿ ಏರುವುದಿಲ್ಲ. ಎಷ್ಟು ಚೆಂದದ ವಿಷಯ, ಇಷ್ಟು ವರ್ಷ ಪಾಠ ಮಾಡಿದರೂ ಗಮನಿಸಿರಲಿಲ್ಲವಲ್ಲ ಎಂದು ಓಬಮ್ಮನಿಗೆ ಹೇಳತೊಡಗಿದೆ.

“ನಿಮ್ ಚೆಂದಕ್ಕೆ ಬೆಂಕಿ ಬೀಳ! ಮೊದ್ಲು ಅವ್ರಿಗೆ ದಾರಿ ಹೇಳ್ರಿ!” ಎಂದು ಅವಳು ಕೂಗಿದಳು. ಹಾಡಿನ ಮೇಲೂ ಇಡೀ ಬಸ್ಸಿಗೆ ಕೇಳಿಸಿತು. ಕಂಡಕ್ಟರು ಬಂದು ಹಾಡು ನಿಲ್ಲಿಸಿದ.

ವೈದ್ಯರಿಗೆ ಹೊಸ ಸಂಖ್ಯೆ ಹೇಳಿದೆ. ಈ ಸಲ ಸಿದ್ದಾಪುರದ ಹೆಸರನ್ನೂ, ಮೊಳಕಾಲ್ಮೂರಿನ ಹೆಸರನ್ನೂ, ದಾರಿಯ ಊರುಗಳನ್ನೂ ಹೇಳಿದೆ. ಅವರು ನಿಂತಿದ್ದ ಜೋಳದ ಹೊಲಕ್ಕೂ ಕೆಂಚಿಗೂ ನಡುವೆ ಹಕ್ಕಿ ಹಾರಿದರೆ ಐವತ್ತು ಕಿಲೋಮೀಟರಿನ ಹತ್ತಿರ. ರಸ್ತೆಯಲ್ಲಿ ಇನ್ನೂ ಹೆಚ್ಚು. ಓಬಮ್ಮ ಅಲ್ಲಿಂದ ಮುಂದಕ್ಕೆ ನನ್ನ ಜೊತೆ ಮಾತಾಡಲಿಲ್ಲ.

ಮೊಳಕಾಲ್ಮೂರಿನಿಂದ ಆಟೋ, ಆಟೋ ಬಿಟ್ಟಲ್ಲಿಂದ ಕಾಲುದಾರಿ. ನಾವು ರೊಪ್ಪ ಮುಟ್ಟಿದಾಗ ವೈದ್ಯರು ಬಂದಿರಲಿಲ್ಲ. ಕೆಂಚಿ ಒಂದು ಬಂಡೆಯ ನೆರಳಲ್ಲಿ ಮಲಗಿತ್ತು. ಬೋರಯ್ಯ ಅದರ ಕತ್ತನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅವನು ನಮ್ಮ ಜೊತೆ ಕನ್ನಡ ಆಡಿದರೂ ದನಗಳ ಜೊತೆ ಆಡುವುದು ತೆಲುಗು. “ಲೆಯ್ಯಮ್ಮಾ, ಲೆಯ್ಯಿ” ಎಂದು, ಏಳು ತಾಯಿ ಏಳು ಎಂದು, ಮೆಲ್ಲಗೆ ಹೇಳುತ್ತಿದ್ದ. ನಮ್ಮನ್ನು ನೋಡಿ, “ಡಾಕ್ಟ್ರು?” ಎಂದ. ಬರ್ತಿದಾರೆ ಎಂದೆ. ಯಾಕೆ ತಡವಾಯಿತು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ವೈದ್ಯರು ಓಡಿಕೊಂಡೇ ಬಂದರು. ಬೇಲಿಯ ಹತ್ತಿರ ಬಂದಾಗ ಬೋರಯ್ಯ ಕೂತಲ್ಲಿಂದಲೇ, “ಸಾಮಿ, ಕಾಲಾಗಿಂದು ಬಿಟ್ಟು ಬರ್ರಿ” ಎಂದ. ದೇವರ ದನಗಳ ರೊಪ್ಪಕ್ಕೆ ಚಪ್ಪಲಿ ಹಾಕಿಕೊಂಡು ಬರುವಂತಿಲ್ಲ. ಅವರು ಬೂಟು ಕಳಚಿ ಎಸೆದು ಮುಳ್ಳಿನ ಮೇಲೆಯೇ ಬಂದು ಮಂಡಿಯೂರಿದರು. ತೋಳನ್ನು ಭುಜದವರೆಗೂ ತೊಳೆದುಕೊಂಡು, ಕಣ್ಣು ಮುಚ್ಚಿ, ಒಳಗಿನ ಕಾಲನ್ನು ಹುಡುಕಿ ತಿರುಗಿಸಿದರು. ನಾನು, ಬೋರಯ್ಯ, ಓಬಮ್ಮ ಮೂವರೂ ಅವರು ಹೇಳಿದಾಗ ಹಗ್ಗ ಎಳೆದೆವು, ಬೇಡ ಎಂದಾಗ ಬಿಟ್ಟೆವು. ಕರು ಜಾರಿ ಹೊರಗೆ ಬಂತು. ಹೆಣ್ಣುಕರು. ಸತ್ತಿದೆ ಎಂದುಕೊಂಡೆವು, ವೈದ್ಯರು ಮೂಗಿಗೆ ಹುಲ್ಲುಕಡ್ಡಿ ಹಾಕಿದ ಕೂಡಲೇ ಸೀನಿತು. ಓಬಮ್ಮ ಸೆರಗಿನಲ್ಲಿ ಅದರ ಮೈ ಒರೆಸುತ್ತಾ ಅತ್ತಳು.

ಕೆಂಚಿ ಏಳಲಿಲ್ಲ. ರಕ್ತ ನಿಲ್ಲಲಿಲ್ಲ. ವೈದ್ಯರು ಮಾಡುವುದನ್ನೆಲ್ಲ ಮಾಡಿದರು, ಬಾಟಲಿಯ ಮೇಲೆ ಬಾಟಲಿ ಏರಿಸಿದರು. ಕರುವನ್ನು ಎತ್ತಿ ತಂದು ಮುಖದ ಮುಂದೆ ಹಾಕಿದಾಗ ಒಂದೆರಡು ಸಲ ನೆಕ್ಕಿತು, ಆಮೇಲೆ ನಾಲಿಗೆ ಹಾಗೇ ಹೊರಗೆ ಉಳಿಯಿತು. ಬಂಡೆಯ ನೆರಳು ಇನ್ನೊಂದು ಕಡೆಗೆ ತಿರುಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮೊದಲೇ ಬಂದಿದ್ದರೆ ಉಳಿಯುತ್ತಿತ್ತೇ ಎಂದು ವೈದ್ಯರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ಕಾಲಿನ ಮುಳ್ಳು ಕೀಳುತ್ತಾ, “ಹೇಳಕ್ಕಾಗಲ್ಲ ಸರ್. ಉಳೀಬಹುದಿತ್ತು, ಇಲ್ಲದೇನೂ ಇರಬಹುದಿತ್ತು” ಎಂದರು. ಸುಳ್ಳು ಹೇಳಿ ಸಮಾಧಾನ ಮಾಡುವ ಮನುಷ್ಯ ಅವರಲ್ಲ. ನನಗೆ ಆ ಗಳಿಗೆಯಲ್ಲಿ ಸುಳ್ಳೇ ಬೇಕಾಗಿತ್ತು.

ದೇವರ ದನ ಸತ್ತರೆ ಮಣ್ಣು ಮಾಡುತ್ತಾರೆ. ಹತ್ತಿರದ ಹಟ್ಟಿಯಿಂದ ನಾಲ್ಕಾರು ಜನ ಗುದ್ದಲಿ ತಂದು, ಬಂಡೆಗಳ ನಡುವೆ ಮಣ್ಣಿದ್ದ ಒಂದು ಕಡೆ ಗುಂಡಿ ತೆಗೆದರು. ಅರಿಸಿನ ಕುಂಕುಮ ಇಟ್ಟು, ಹೊಸ ಬಟ್ಟೆ ಹೊದಿಸಿ ಇಳಿಸಿದರು. ಎಲ್ಲ ಮುಗಿದು ಜನ ಕೈಕಾಲು ತೊಳೆಯಲು ಹೋದ ಮೇಲೆ ನಾನು ಬೋರಯ್ಯನ ಪಕ್ಕ ಕೂತು ಚುಕ್ಕಿಯ ಸಂಗತಿ ಹೇಳಿದೆ. ನಿಮಿಷ ಅರವತ್ತರ ಲೆಕ್ಕ, ನಕ್ಷೆ ಕೇಳುವುದು ನೂರರ ಲೆಕ್ಕ, ನಾನು ಗಂಟೆ ಬರೆದ ಹಾಗೆ ಬರೆದೆ, ಡಾಕ್ಟರು ಅದಕ್ಕೇ ಜಗಳೂರಿನ ಕಡೆಗೆ ಹೋದರು ಎಂದೆ. ಅವನು ಮಣ್ಣಿನ ಕಡೆಯೇ ನೋಡುತ್ತಿದ್ದ.

“ನಾನು ಹೇಳಿದ್ ನಂಬರ್ ಸರಿ ಇತ್ತಾ?”

“ಸರಿ ಇತ್ತು. ನಿಂದು ಸರಿ ಇತ್ತು.”

ಅವನು ತಲೆಯಾಡಿಸಿದ. “ಭಾವ, ಈ ಜಾಗದ್ದು ನಂಬರ್ ತೆಗೀರಿ. ನಾಳೆ ನಾಡಿದ್ದು ಇಲ್ಲಿಂದ ಏಳ್ತೀವಿ. ದೊಡ್ಡರೊಪ್ಪ ಮುಂದಕ್ಕೋದ್ರೆ ಇದು ಯಾವ್ದು ಅಂತ ಹೇಳಾಕೆ ಹೆಸ್ರಿರಲ್ಲ” ಎಂದ.

ನಾನು ಫೋನು ಹಿಡಿದು ಗುಂಡಿಯ ತಲೆಯ ಕಡೆ ನಿಂತೆ. ಅಂಶ ಬಂತು, ನಿಮಿಷ ಬಂತು. ಉತ್ತರದ ಸೆಕೆಂಡು ಮಾತ್ರ ಇಪ್ಪತ್ತೆಂಟು ಅನ್ನುತ್ತಿತ್ತು, ಮೂವತ್ತು ಅನ್ನುತ್ತಿತ್ತು, ಮತ್ತೆ ಇಪ್ಪತ್ತೊಂಬತ್ತು. ಸುತ್ತ ದೊಡ್ಡ ಬಂಡೆಗಳಿದ್ದರೆ ಫೋನಿಗೆ ಮೇಲಿನ ಉಪಗ್ರಹಗಳು ನೆಟ್ಟಗೆ ಕಾಣುವುದಿಲ್ಲ, ಅಂಕಿ ಅಲ್ಲಾಡುತ್ತದೆ. ಅಲ್ಲಾಡದಿದ್ದರೂ ಒಂದು ಸೆಕೆಂಡಿನೊಳಗೆ ಮೂವತ್ತು ಮೀಟರು ನೆಲ ಹಿಡಿಯುತ್ತದೆ, ಅದರೊಳಗೆ ಒಂದು ಹಸುವಿನ ಗುಂಡಿಯನ್ನು ಹುಡುಕಲಾಗದು ಎಂದು ನನಗೆ ಗೊತ್ತಿತ್ತು. ಆದರೂ ಇಪ್ಪತ್ತೊಂಬತ್ತು ಎಂದು ಹೇಳಿದೆ. ಅವನು ಬರೆದುಕೊಳ್ಳಲಿಲ್ಲ. ಎರಡು ಸಲ ಬಾಯಲ್ಲಿ ಹೇಳಿಕೊಂಡು, ಕರುವನ್ನು ಹೆಗಲಿಗೆ ಹಾಕಿಕೊಂಡು ಎದ್ದ.

ನಾವಿಬ್ಬರೂ ಊರಿಗೆ ಬಂದೆವು. ನನಗೆ ಬಹಳ ದಿನ ಯಾವ ಲೆಕ್ಕವನ್ನೂ ಮಾಡಲು ಮನಸ್ಸಾಗಲಿಲ್ಲ. ಓಬಮ್ಮ ಮೂರು ದಿನಕ್ಕೆ ಮಾತು ಶುರು ಮಾಡಿದಳು, ಆ ಸಂಗತಿಯನ್ನು ಎತ್ತಲಿಲ್ಲ. ಮಳೆ ಹಿಡಿದು, ಬಿಟ್ಟು, ಗುಡ್ಡಗಳೆಲ್ಲ ಹಸಿರಾದವೆಂದು ಆ ಕಡೆಯಿಂದ ಬಂದವರು ಹೇಳಿದರು. ಹೋದ ವಾರ ಬೋರಯ್ಯನ ಫೋನ್ ಬಂತು. ಹಿಂದೆ ಗಾಳಿಯ ಸದ್ದು, ಎಲ್ಲೋ ಬಂಡೆ ಹತ್ತಿ ನಿಂತಿದ್ದ. ಕರು ಚೆನ್ನಾಗಿದೆ, ಹುಲ್ಲು ಕಚ್ಚುತ್ತಿದೆ ಎಂದ. ಆಮೇಲೆ, “ನಿನ್ನೆ ಅಲ್ಲಿಗೋಗಿದ್ದೆ ಭಾವ” ಎಂದ.

“ಸಿಕ್ತಾ?”

“ಹುಲ್ಲು ಆಳುದ್ದ ಬಂದೈತೆ, ಗುಂಡಿ ಗುರ್ತು ಹತ್ತಲ್ಲ. ನೀವು ಹೇಳಿದ್ ನಂಬರ್ ಹಿಡ್ಕಂಡು ಹೋದೆ. ಮಿಕ್ಕಿದ್ದೆಲ್ಲ ಕೂಡಿತು, ಉತ್ತರದ ಸೆಕೆಂಡು ನಿಲ್ಲಲ್ಲ. ಇಪ್ಪತ್ತೊಂಬತ್ತು ಅಂತೈತೆ, ಹೆಜ್ಜೆ ಇಟ್ರೆ ಮೂವತ್ತು ಅಂತೈತೆ, ನಿಂತ್ರೂ ಮೂವತ್ತೊಂದು ಅಂತೈತೆ.”

ಅದು ಹಾಗೇ ಕಣಪ್ಪ, ಬಂಡೆಗಳಿದ್ದಲ್ಲಿ ಸೆಕೆಂಡು ಅಲ್ಲಾಡುತ್ತದೆ, ಅದನ್ನು ನಂಬಬಾರದು ಎಂದು ನಾನು ಹೇಳಲು ಹೊರಟೆ. ಅದನ್ನು ಬಿಟ್ಟು ಬೇರೆ ಕೇಳಿದೆ.

“ಮತ್ತೆ ಏನ್ ಮಾಡ್ದೆ?”

“ಏನ್ ಮಾಡ್ಲಿ” ಎಂದ ಬೋರಯ್ಯ. “ಅದು ನಿಲ್ಲೋಗಂಟ ನಾನೂ ನಿಂತ್ಕಂಡಿದ್ದೆ.”